ನೀರಿಗೆ ಕ್ಲೋರಿನ್ ಬೆರೆಸುವವರ ಉಸಿರಿಗೆ ಯಾರು ಹೊಣೆ?

ನಲ್ಲಿಯಲ್ಲಿ ಬರುವ ನೀರಿಗೆ ಕ್ಲೋರಿನ್ ಹಾಕಿದ್ದಾರೋ ಇಲ್ಲವೋ ಎಂದು ಕೇಳುವವರು ಈಗ ಊರೂರಲ್ಲೂ ಇದ್ದಾರೆ. ವಾಂತಿಭೇದಿ ಕಾಣಿಸಿಕೊಂಡ ಮರುದಿನ ವಾರ್ಡ್ ಸದಸ್ಯರು ಕೇಳುತ್ತಾರೆ, ಶಾಸಕರು ಕೇಳುತ್ತಾರೆ, ಮೈಕು ಹಿಡಿದ ನಾವೂ ಕೇಳುತ್ತೇವೆ. ಕೇಳಲೇಬೇಕು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡ ಮೇಲೆ ಈ ಪ್ರಶ್ನೆ ಕೇಳದೆ ಸುಮ್ಮನಿರುವ ಹಾಗೇ ಇಲ್ಲ.

ಆದರೆ ಆ ಕ್ಲೋರಿನ್ ಹಾಕುವ ಮನುಷ್ಯ ಯಾರು? ಅವನಿಗೆ ಆ ಕೆಲಸ ಕಲಿಸಿದವರು ಯಾರು? ರಾತ್ರಿ ಎರಡು ಗಂಟೆಗೆ ಸಿಲಿಂಡರಿನ ಬಾಯಿ ಸೋರಿದರೆ ಅವನು ಏನು ಮಾಡಬೇಕು? ಈ ಪ್ರಶ್ನೆಗಳನ್ನು ಸಾಮಾನ್ಯ ಸಭೆಯಲ್ಲಾಗಲಿ, ಕೆಡಿಪಿ ಸಭೆಯಲ್ಲಾಗಲಿ ಯಾರಾದರೂ ಎತ್ತಿದ್ದನ್ನು ನಾವು ಜಿಲ್ಲೆಯಲ್ಲಿ ಸುದ್ದಿ ಮಾಡುತ್ತಾ ಬಂದ ಇಷ್ಟು ವರ್ಷಗಳಲ್ಲಿ ಕೇಳಿಲ್ಲ.

ಹಳ್ಳಿಯ ನೀರುಗಂಟಿ ಬಳಸುವುದು ಬ್ಲೀಚಿಂಗ್ ಪೌಡರ್. ಪಟ್ಟಣಗಳ ಹಾಗೂ ದೊಡ್ಡ ಬಹುಗ್ರಾಮ ಯೋಜನೆಗಳ ಶುದ್ಧೀಕರಣ ಘಟಕಗಳಲ್ಲಿ ಹಲವು ಕಡೆ ಇರುವುದು ಕ್ಲೋರಿನ್ ಅನಿಲ. ಅರಿಶಿನ ಬಣ್ಣದ ದಪ್ಪ ಉಕ್ಕಿನ ಪೀಪಾಯಿಗಳಲ್ಲಿ ಒತ್ತಡದಲ್ಲಿ ದ್ರವವಾಗಿ ತುಂಬಿ ಬರುತ್ತದೆ. ಚಿಕ್ಕದು 100 ಕಿಲೋ. ದೊಡ್ಡದರಲ್ಲಿ ಸುಮಾರು 900 ಕಿಲೋ. ಅದಕ್ಕೆ ಘಟಕಗಳಲ್ಲಿ ಟನ್ನರ್ ಎನ್ನುತ್ತಾರೆ. ಫಿಲ್ಟರ್ ಹೌಸಿನ ಪಕ್ಕದ ಶೆಡ್ಡಿನಲ್ಲಿ ಇವು ಮಲಗಿರುತ್ತವೆ. ಪಕ್ಕದಲ್ಲೇ ಒಬ್ಬ ಆಪರೇಟರ್ ಪಾಳಿ ಮಾಡುತ್ತಿರುತ್ತಾನೆ. ಬಹುತೇಕ ಹೊರಗುತ್ತಿಗೆ ನೌಕರ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ಇಂಥ ಕೆಲಸಗಾರರನ್ನು ಕಾಯಬೇಕಾದ ಕಾನೂನುಗಳು ತಲೆ ಎಣಿಸಿ, ಟನ್ ತೂಗಿ ಆಮೇಲೆ ಎಚ್ಚರಗೊಳ್ಳುತ್ತವೆ. ಕ್ಲೋರಿನ್‌ಗೆ ಒಬ್ಬ ಮನುಷ್ಯ ಸಾಕು, ಕೆಲವೇ ಗ್ರಾಂ ಸಾಕು.

ಗ್ರಾಂ ಎಂದದ್ದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್ ಪ್ರಕಾರ, ಹತ್ತು ಲಕ್ಷ ಪಾಲು ಗಾಳಿಯಲ್ಲಿ 10 ಪಾಲು ಕ್ಲೋರಿನ್ ಇದ್ದರೆ ಅದು ಜೀವಕ್ಕೆ ತಕ್ಷಣದ ಅಪಾಯದ ಮಟ್ಟ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯೊಂದನ್ನು ಆ ಮಟ್ಟಕ್ಕೆ ತರಲು ಎಷ್ಟು ಕ್ಲೋರಿನ್ ಬೇಕು ಎಂದು ಲೆಕ್ಕ ಹಾಕಿದರೆ ಒಂದು ಗ್ರಾಂಗಿಂತಲೂ ಕಡಿಮೆ ಬರುತ್ತದೆ. ಒಂದು ಟನ್ನರಿನಲ್ಲಿ ಇರುವುದು 9 ಲಕ್ಷ ಗ್ರಾಂ.

ಈ ಅನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹೊಗೆಯಂತೆ ಮೇಲೆ ಹೋಗುವುದಿಲ್ಲ, ನೀರಿನಂತೆ ತಗ್ಗು ಹುಡುಕುತ್ತದೆ. ಪಂಪ್‌ಹೌಸಿನ ಕೆಳಮನೆ, ಕೇಬಲ್ ಗುಂಡಿ, ಚರಂಡಿ, ಘಟಕದ ಕೆಳಗಿನ ಇಳಿಜಾರಿನ ಮನೆಗಳು ಅದು ಸೇರುವ ಜಾಗ. ಕಣ್ಣು, ಗಂಟಲು, ಶ್ವಾಸಕೋಶದ ತೇವವನ್ನು ಮುಟ್ಟಿದರೆ ಆಮ್ಲವಾಗುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರದಲ್ಲಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಕಂದಕದೊಳಗೆ ಇಳಿಯುವ ಅದರ ಗುಣವೇ ಅಲ್ಲಿ ಆಯುಧವಾಯಿತು. ನಮ್ಮ ಪಟ್ಟಣಗಳಲ್ಲಿ ಅದನ್ನು ಜೀವ ಉಳಿಸಲು ಬಳಸುತ್ತಿದ್ದೇವೆ, ಸರಿ. ಅನಿಲದ ಗುಣ ಬದಲಾಗಿಲ್ಲ.

ವಾಸನೆ ಬರುತ್ತದಲ್ಲ, ಗೊತ್ತಾಗುತ್ತದೆ ಬಿಡಿ ಎನ್ನುವ ಎಂಜಿನಿಯರುಗಳಿದ್ದಾರೆ. ವಾಸನೆ ಬರುವುದು ನಿಜ, ಹೊಸಬನ ಮೂಗಿಗೆ. ದಿನವೂ ಅಲ್ಲೇ ಕೂರುವವನ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ನಾವು ಒಳಗೆ ಕಾಲಿಟ್ಟ ಕೂಡಲೇ ಕೆಮ್ಮಿದರೆ, ಅವನು ಇವತ್ತು ಏನೂ ಇಲ್ಲ ಸರ್ ಎನ್ನುತ್ತಾನೆ. ಅಲ್ಲಿ ಮೂಗನ್ನು ಮೀಟರ್ ಮಾಡಿಕೊಳ್ಳುವುದು ಅಪಾಯ.

ಈಗ ಒಂದು ಸಣ್ಣ ಲೆಕ್ಕ ನೋಡೋಣ. ದಿನಕ್ಕೆ ಒಂದು ಕೋಟಿ ಲೀಟರ್ ನೀರು ಕೊಡುವ ಪಟ್ಟಣ ಎಂದುಕೊಳ್ಳಿ. ತಲೆಗೆ 135 ಲೀಟರಿನಂತೆ ಅದು ಸುಮಾರು 74 ಸಾವಿರ ಜನಕ್ಕೆ ಸಾಕು. ಲೀಟರಿಗೆ 2 ಮಿಲಿಗ್ರಾಂ ಹಾಕಿದರೆ ದಿನಕ್ಕೆ 20 ಕಿಲೋ ಕ್ಲೋರಿನ್ ಬೇಕು. ಅಂದರೆ ಒಂದು ಟನ್ನರ್ 45 ದಿನ ಬರುತ್ತದೆ. ವರ್ಷಕ್ಕೆ ಎಂಟು ಸಲ ಟನ್ನರ್ ಬದಲಾಯಿಸಬೇಕು.

ಈ ಕೆಲಸದಲ್ಲಿ ಹೆಚ್ಚು ಅಪಾಯ ಇರುವುದು ಬದಲಾಯಿಸುವ ಆ ಹತ್ತಿಪ್ಪತ್ತು ನಿಮಿಷದಲ್ಲಿ. ಹಳೆಯ ವಾಲ್ವ್ ಮುಚ್ಚಿ, ಪೈಪು ಬಿಚ್ಚಿ, ಹೊಸದಕ್ಕೆ ಜೋಡಿಸಬೇಕು. ಪ್ರತಿ ಸಲವೂ ಹೊಸ ಸೀಸದ ವಾಷರ್ ಹಾಕಬೇಕು. ಮಲಗಿದ ಟನ್ನರಿನ ಎರಡು ವಾಲ್ವ್‌ಗಳು ಒಂದರ ಮೇಲೊಂದು ಬರುವಂತೆ ಉರುಳಿಸಿ ನಿಲ್ಲಿಸಬೇಕು. ಮೇಲಿನದರಿಂದ ಅನಿಲ ಬರುತ್ತದೆ, ಕೆಳಗಿನದರಿಂದ ದ್ರವ ಬರುತ್ತದೆ. ದ್ರವ ಹೊರಬಿದ್ದರೆ 450 ಪಟ್ಟಿಗೂ ಹೆಚ್ಚು ಅನಿಲವಾಗಿ ಹಿಗ್ಗುತ್ತದೆ. ಜೋಡಿಸಿದ ಮೇಲೆ ವಾಲ್ವ್ ಒಂಚೂರೇ ತೆರೆದು ಮುಚ್ಚಿ, ಅಮೋನಿಯಾ ದ್ರಾವಣದಲ್ಲಿ ಅದ್ದಿದ ಬಟ್ಟೆಯ ತುಂಡನ್ನು ಕಡ್ಡಿಗೆ ಕಟ್ಟಿ ಜೋಡಣೆಯ ಸುತ್ತ ಆಡಿಸಬೇಕು. ಸೋರುತ್ತಿದ್ದರೆ ಬಿಳಿ ಹೊಗೆ ಏಳುತ್ತದೆ.

ವರ್ಷಕ್ಕೆ ಎಂಟು ಸಲ ನಡೆಯುವ ಈ ಕೆಲಸ ಮೂರು ಪಾಳಿಯವರಿಗೆ ಹಂಚಿಹೋದರೆ ಒಬ್ಬೊಬ್ಬನ ಪಾಲಿಗೆ ಎರಡೋ ಮೂರೋ ಬರುತ್ತದೆ. ಕೈಗೆ ಅಭ್ಯಾಸ ಆಗುವಷ್ಟು ಅಲ್ಲ. ಹಾಗಾಗಿಯೇ ಇಲ್ಲಿ ತರಬೇತಿ, ಗೋಡೆಯ ಮೇಲೆ ಕನ್ನಡದಲ್ಲಿ ಬರೆದ ಕ್ರಮ, ಜೊತೆಗೆ ಇನ್ನೊಬ್ಬ ಮನುಷ್ಯ ಬೇಕು. ನಮ್ಮ ಸಣ್ಣ ಘಟಕಗಳಲ್ಲಿ ಇರುವುದು ಹಿಂದಿನವನು ಮಾಡುತ್ತಿದ್ದುದನ್ನು ನೋಡಿ ಕಲಿತ ವಿದ್ಯೆ. ಹಿಂದಿನವನು ಹಳೆಯ ವಾಷರನ್ನೇ ತಿರುಗಿಸಿ ಹಾಕುತ್ತಿದ್ದರೆ ಇವನೂ ಅದನ್ನೇ ಮಾಡುತ್ತಾನೆ.

ಒಳಗೆ ಹೋಗಿ ನೋಡಿದವರಿಗೆ ಮಿಕ್ಕದ್ದೂ ಗೊತ್ತಿದೆ. ಮಾಸ್ಕ್ ಎಲ್ಲಿದೆ ಎಂದರೆ ಬೀರು ತೋರಿಸುತ್ತಾರೆ. ಬೀರಿನ ಕೀ ಮಾತ್ರ ಬೇರೆಯವರ ಹತ್ತಿರ. ಬೀರು ತೆಗೆಸಿದರೆ ಅವಧಿ ಮುಗಿದ ಡಬ್ಬಿಯ ಮಾಸ್ಕ್. ಎಕ್ಸಾಸ್ಟ್ ಫ್ಯಾನ್ ಛಾವಣಿಯ ಹತ್ತಿರ ಇರುತ್ತದೆ. ಭಾರದ ಅನಿಲ ನೆಲದಲ್ಲಿ ಹರಡುವಾಗ ಮೇಲಿನ ಫ್ಯಾನ್ ಏನನ್ನು ಎಳೆಯುತ್ತದೆ? ಅದರ ಸ್ವಿಚ್ಚು ಕೋಣೆಯ ಒಳಗೇ ಇರುತ್ತದೆ. ಸೋರಿದಾಗ ಫ್ಯಾನ್ ಹಾಕಲು ಸೋರುವ ಕೋಣೆಗೇ ಹೋಗಬೇಕು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಚೀಲ ಕಂಬದ ಮೇಲೆ ಹಾರಬೇಕು. ಕಂಬವೂ ಇಲ್ಲ, ಚೀಲವೂ ಇಲ್ಲ. ಸೋರುವ ಬಾಯಿಗೆ ಟೋಪಿಯಂತೆ ಕೂರಿಸುವ ತುರ್ತು ಕಿಟ್ ಕೆಲವು ಕಡೆ ಇದೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚದೆ.

ಇದಕ್ಕಿಂತ ಹೆಚ್ಚಿನ ಅಪಾಯ ತಪ್ಪು ತಿಳಿವಳಿಕೆಯಿಂದ ಬರುತ್ತದೆ. ಸೋರಿದ ಕಡೆ ನೀರು ಹೊಡೆಯಬೇಕು ಎಂಬ ನಂಬಿಕೆ ಹಲವರಲ್ಲಿದೆ. ಸೋರುವ ತೂತಿಗೆ ನೀರು ಬಿದ್ದರೆ ಆಮ್ಲವಾಗಿ ಲೋಹವನ್ನು ತಿಂದು ತೂತು ದೊಡ್ಡದಾಗುತ್ತದೆ. ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ನುಗ್ಗುವವರಿದ್ದಾರೆ. ಒದ್ದೆ ಬಟ್ಟೆ ಹೊರಗೆ ಓಡಿಬರುವ ಹೊತ್ತಿಗೆ ಒಂದಿಷ್ಟು ಆಸರೆ ಆದೀತು, ಒಳಗೆ ಹೋಗಲು ಅಲ್ಲ. ಕೊರೊನಾ ಕಾಲದ ಎನ್-95 ಮಾಸ್ಕ್ ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಡಬ್ಬಿಯ ಮಾಸ್ಕ್ ಕೂಡ ಕಡಿಮೆ ಸೋರಿಕೆಗೆ ಮಾತ್ರ. ಜೋರು ಸೋರಿಕೆಯ ಕೋಣೆಗೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು, ಅದನ್ನು ಬಳಸಲು ಕಲಿತವರೇ ಹೋಗಬೇಕು, ಅದೂ ಇಬ್ಬರು. ಅದಿಲ್ಲದಿದ್ದರೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಇಲ್ಲವೇ ಅಡ್ಡವಾಗಿ ಎತ್ತರದ ಜಾಗಕ್ಕೆ ಹೋಗಿ, ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ, ಕೆಳಗಿನ ಮನೆಗಳವರನ್ನು ಎಬ್ಬಿಸುವುದೇ ಆಪರೇಟರನ ಕೆಲಸ. ಅಷ್ಟು ಮಾಡಿದವನನ್ನು ಡ್ಯೂಟಿ ಬಿಟ್ಟು ಓಡಿದ ಎಂದು ನೋಟಿಸ್ ಕೊಡಬಾರದು.

ಆಸ್ಪತ್ರೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಕ್ಲೋರಿನ್‌ಗೆ ಪ್ರತ್ಯೌಷಧ ಇಲ್ಲ. ಆಮ್ಲಜನಕ ಕೊಟ್ಟು ನೋಡಿಕೊಳ್ಳಬೇಕು. ಕುಡಿದ ಗಂಟೆಗಳ ಮೇಲೂ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕೆಮ್ಮು ಕಡಿಮೆಯಾಯಿತು ಎಂದು ಮನೆಗೆ ಕಳಿಸಿದವನಿಗೆ ನಡುರಾತ್ರಿ ಉಸಿರು ಕಟ್ಟಬಹುದು. ಚೆನ್ನಾಗಿ ಸೇದಿಕೊಂಡವನನ್ನು ಒಂದು ದಿನವಾದರೂ ನಿಗಾದಲ್ಲಿ ಇಡಬೇಕು. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವವರು ಗ್ಯಾಸ್ ಎಂದಷ್ಟೇ ಹೇಳದೆ ಕ್ಲೋರಿನ್ ಎಂದು ಹೆಸರು ಹಿಡಿದು ಹೇಳಬೇಕು. ಅಡುಗೆ ಅನಿಲ ಎಂದು ತಿಳಿದರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ.

ಇನ್ನು ಕಾನೂನಿಗೆ ಬರೋಣ. ಕಾನೂನು ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆ ನೀರನ್ನು ಪಂಪ್ ಮಾಡುವುದನ್ನು ಉತ್ಪಾದನಾ ಪ್ರಕ್ರಿಯೆ ಎಂದೇ ಹೆಸರಿಸಿತ್ತು. ಆದರೆ ವಿದ್ಯುತ್ ಬಳಸುವ ಜಾಗ ಕಾರ್ಖಾನೆ ಎನಿಸಿಕೊಳ್ಳಲು ಅಲ್ಲಿ 10 ಕೆಲಸಗಾರರು ಇರಬೇಕಿತ್ತು. ಸಣ್ಣ ಪಟ್ಟಣದ ಘಟಕದಲ್ಲಿ ಮೂರು ಪಾಳಿ ಸೇರಿಸಿದರೂ ಆರೇಳು ಜನ. ಅಲ್ಲಿಗೆ ಕಾರ್ಖಾನೆ ಇನ್‌ಸ್ಪೆಕ್ಟರ್ ಬರುವ ದಾರಿ ಮುಚ್ಚಿತು.

ಭೋಪಾಲ್ ದುರಂತದ ನಂತರ ಬಂದ ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ಇನ್ನೊಂದು. ಜಾಗದ ಮಾಹಿತಿ ಸಲ್ಲಿಸುವುದು, ತುರ್ತು ಯೋಜನೆ ಮಾಡುವುದು, ಸುತ್ತಲಿನ ಜನಕ್ಕೆ ತಿಳಿಸುವುದು ಮುಂತಾದ ಹೊಣೆಗಳು ಕ್ಲೋರಿನ್ ವಿಷಯದಲ್ಲಿ ಶುರುವಾಗುವುದು 10 ಟನ್‌ನಿಂದ. ಸುರಕ್ಷತಾ ವರದಿ ಬೇಕಾಗುವುದು 25 ಟನ್‌ಗೆ. 10 ಟನ್ ಎಂದರೆ ಹನ್ನೊಂದು ತುಂಬಿದ ಟನ್ನರ್. ನಮ್ಮ ಪುರಸಭೆಯ ಶೆಡ್ಡಿನಲ್ಲಿ ಇರುವುದು ಎರಡೋ ಮೂರೋ.

ಹೀಗೆ ಹತ್ತು ತಲೆಯ ಲೆಕ್ಕದಲ್ಲೂ, ಹತ್ತು ಟನ್ನಿನ ಲೆಕ್ಕದಲ್ಲೂ ಸಣ್ಣ ಘಟಕ ಗೆರೆಯ ಕೆಳಗೇ ಉಳಿಯುತ್ತದೆ. ಸಿಲಿಂಡರಿಗೆ ಕಾನೂನಿದೆ: 2016ರ ಅನಿಲ ಸಿಲಿಂಡರ್ ನಿಯಮಗಳು ಅದನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಬೇಕು ಎನ್ನುತ್ತವೆ. ನೀರಿಗೆ ಮಾನದಂಡವಿದೆ: ಐಎಸ್ 10500 ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಕ್ಲೋರಿನ್ ನಿರ್ವಹಣೆಗೆಂದೇ ಐಎಸ್ 4263 ಎಂಬ ಸುರಕ್ಷತಾ ಸಂಹಿತೆಯೂ ಇದೆ. ಆ ಪುಸ್ತಕವನ್ನು ಆಪರೇಟರನ ಕೈವರೆಗೆ ತರುವ, ತರದಿದ್ದರೆ ಕೇಳುವ ಅಧಿಕಾರಿ ಮಾತ್ರ ಇಲ್ಲ.

ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ ಕಾರ್ಖಾನೆಯ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿದೆ. ಗೆರೆ ಇನ್ನೂ ಮೇಲೆ ಹೋಯಿತು. ಆದರೆ ಅಪಾಯಕಾರಿ ಕೆಲಸ ನಡೆಯುವ ಕಡೆ ಒಬ್ಬನೇ ಕೆಲಸಗಾರನಿದ್ದರೂ ಸಂಹಿತೆ ಅನ್ವಯಿಸುವಂತೆ ಅಧಿಸೂಚನೆ ಹೊರಡಿಸಲು ಅದರಲ್ಲೇ ಅವಕಾಶವಿದೆ. ಹಳೆಯ ಕಾಯ್ದೆಯ 85ನೇ ಸೆಕ್ಷನ್ನಿನಲ್ಲೂ ಹತ್ತಕ್ಕಿಂತ ಕಡಿಮೆ ಜನರಿರುವ ಜಾಗಕ್ಕೆ ಕಾಯ್ದೆಯನ್ನು ಚಾಚುವ ಅಧಿಕಾರ ರಾಜ್ಯ ಸರ್ಕಾರಕ್ಕಿತ್ತು. ಅಂದರೆ ಹೊಸ ಕಾನೂನು ಬೇಕಿಲ್ಲ. ಕ್ಲೋರಿನ್ ಅನಿಲ ಬಳಸುವ ಪ್ರತಿ ನೀರು ಘಟಕವೂ, ಜನ ಎಷ್ಟೇ ಇರಲಿ, ಸಿಲಿಂಡರ್ ಎಷ್ಟೇ ಇರಲಿ, ಇದರೊಳಗೆ ಬರುತ್ತದೆ ಎನ್ನುವ ಒಂದು ಪುಟದ ಆದೇಶ ಬೇಕು.

ಹೊರಗುತ್ತಿಗೆ ಈ ಸಮಸ್ಯೆಯನ್ನು ಇನ್ನಷ್ಟು ಬಿಗಿ ಮಾಡಿದೆ. ಏಜೆನ್ಸಿ ಬದಲಾದಾಗ ಹಾಜರಿ ಪುಸ್ತಕ ಬದಲಾಗುತ್ತದೆ, ಕೆಲವೊಮ್ಮೆ ಮನುಷ್ಯನೂ ಬದಲಾಗುತ್ತಾನೆ. ಯಾರೋ ಒಂದು ದಿನ ಕೊಟ್ಟ ತರಬೇತಿ ಅವನ ಜೊತೆಗೇ ಹೊರಟುಹೋಗುತ್ತದೆ. ಐದು ವರ್ಷ ಕ್ಲೋರಿನ್ ಕೋಣೆಯಲ್ಲಿ ದುಡಿದವನಿಗೆ ದಮ್ಮು ಶುರುವಾದರೆ ಯಾವ ಏಜೆನ್ಸಿಯ ಕಾಲದಲ್ಲಿ ಬಂತು ಎಂದು ತೋರಿಸುವ ಕಾಗದ ಇರುವುದಿಲ್ಲ. ಬೀಡಿ ಸೇದುತ್ತಿದ್ದನಲ್ಲ ಎಂಬ ಮಾತಿನಲ್ಲಿ ಪ್ರಕರಣ ಮುಗಿಯುತ್ತದೆ.

ಖಾಲಿ ಸಿಲಿಂಡರುಗಳ ಮಾತೂ ಇದೆ. ಖಾಲಿ ಎಂದು ಬರೆದದ್ದು ಪೂರ್ತಿ ಖಾಲಿ ಇರುವುದಿಲ್ಲ. 2010ರ ಜುಲೈನಲ್ಲಿ ಮುಂಬೈನ ಶಿವ್ಡಿ ಹತ್ತಿರ ಬಂದರು ಜಾಗದಲ್ಲಿ ವರ್ಷಗಟ್ಟಲೆ ಯಾರೂ ಕೇಳದೆ ಬಿದ್ದಿದ್ದ ಸಿಲಿಂಡರುಗಳಿಂದ ಕ್ಲೋರಿನ್ ಸೋರಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 2024ರ ಜೂನ್‌ನಲ್ಲಿ ನಮ್ಮ ಮೈಸೂರಿನ ಹಳೇ ಕೆಸರೆಯಲ್ಲಿ ಗುಜರಿ ಗೋದಾಮಿನ ಸಿಲಿಂಡರಿನಿಂದ ಸೋರಿಕೆಯಾಗಿ ಸುತ್ತಲಿನ ಜನ ಅಸ್ವಸ್ಥರಾದರು. ಘಟಕಗಳ ಹಿಂಭಾಗದಲ್ಲಿ ತುಕ್ಕು ಹಿಡಿದು ಮಲಗಿರುವ ಸಿಲಿಂಡರುಗಳನ್ನು ಹಳೆಯ ಕಬ್ಬಿಣ ಎಂದು ಹರಾಜು ಹಾಕುವ ಮುನ್ನ ಪುರಸಭೆಗಳು ಈ ಎರಡು ಘಟನೆಗಳನ್ನು ನೆನೆಯಬೇಕು. ಅವು ಹೋಗಬೇಕಾದ್ದು ತುಂಬಿಸಿ ಕೊಟ್ಟವರ ಬಳಿಗೆ, ಗುಜರಿಗೆ ಅಲ್ಲ.

ಹಾಗಾದರೆ ಅನಿಲವನ್ನೇ ಬಿಟ್ಟುಬಿಡಬಹುದಲ್ಲ ಎಂದು ಕೇಳಬಹುದು. ಎಷ್ಟೋ ಕಡೆ ಬಿಡಬಹುದು. ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಇದೆ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಘಟಕದಲ್ಲೇ ತೆಳು ಹೈಪೋಕ್ಲೋರೈಟ್ ತಯಾರಿಸುವ ಎಲೆಕ್ಟ್ರೋ ಕ್ಲೋರಿನೇಟರ್ ಇದೆ. ಅದಕ್ಕೆ ಬೇಕಾದ್ದು ಉಪ್ಪು, ಕರೆಂಟು, ನೀರು. ಒಂದು ಕಿಲೋ ಕ್ಲೋರಿನ್‌ಗೆ ಮೂರು, ಮೂರೂವರೆ ಕಿಲೋ ಉಪ್ಪು. ಊರನ್ನೇ ಖಾಲಿ ಮಾಡಿಸುವ ಸೋರಿಕೆ ಇದರಿಂದ ಆಗುವುದಿಲ್ಲ. ತೊಡಕುಗಳೂ ಇವೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಹೈಪೋಕ್ಲೋರೈಟ್ ಬೇಗ ಬಲ ಕಳೆದುಕೊಳ್ಳುತ್ತದೆ. ಯಂತ್ರ ಕೆಟ್ಟರೆ ರಿಪೇರಿಯವರು ಬೆಂಗಳೂರಿನಿಂದ ಬರಬೇಕು. ದೊಡ್ಡ ನಗರದ ಘಟಕಗಳಿಗೆ ಅನಿಲವೇ ಅಗ್ಗ ಎನ್ನುವ ವಾದದಲ್ಲೂ ಸತ್ಯವಿದೆ. ಆದರೆ ಆ ಅಗ್ಗದ ಲೆಕ್ಕದಲ್ಲಿ ಗಾಳಿ ಸಿಲಿಂಡರಿನ ಮಾಸ್ಕ್, ಸೋರಿಕೆ ಎಚ್ಚರಿಸುವ ಸೆನ್ಸರ್, ತರಬೇತಿ, ಜೊತೆಗಾರನ ಸಂಬಳ ಸೇರಿಲ್ಲ. ಅವನ್ನೆಲ್ಲ ಸೇರಿಸಿ ಆಮೇಲೆ ಯಾವುದು ಅಗ್ಗ ನೋಡಬೇಕು. ಸಣ್ಣ ಪಟ್ಟಣಗಳ ಮಟ್ಟಿಗೆ ಉತ್ತರ ಅನಿಲದ ಪರವಾಗಿ ಬರುವುದಿಲ್ಲ ಎಂದೇ ನಮ್ಮ ಅನಿಸಿಕೆ.

ಅನಿಲ ಇಲ್ಲದ ಹಳ್ಳಿಯಲ್ಲೂ ಎಚ್ಚರ ಬೇಕು. ಬ್ಲೀಚಿಂಗ್ ಪೌಡರಿಗೆ ಆಮ್ಲ ಸೇರಿದರೆ ಹುಟ್ಟುವುದು ಇದೇ ಕ್ಲೋರಿನ್. ಆಲಂ ಕಲಸಿದ ಬಕೆಟಿನಲ್ಲೇ ಬ್ಲೀಚಿಂಗ್ ಪೌಡರ್ ಕಲಸುವುದು, ಟ್ಯಾಂಕು ತಿಕ್ಕಲು ಆಸಿಡ್ ಮತ್ತು ಬ್ಲೀಚಿಂಗ್ ಎರಡನ್ನೂ ಒಟ್ಟಿಗೆ ಸುರಿಯುವುದು, ಮುಚ್ಚಿದ ಟ್ಯಾಂಕಿನೊಳಗೆ ಇಳಿದು ಹಾಗೆ ಮಾಡುವುದು ಜೀವಕ್ಕೆ ಎರವಾಗಬಹುದು. ನೀರುಗಂಟಿಗಳ ತರಬೇತಿಯಲ್ಲಿ ಈ ಮಾತನ್ನು ಮೊದಲು ಹೇಳಬೇಕು. ಜಲಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಹಳ್ಳಿಗಳಿಗೆ ನಲ್ಲಿಗಳು ಬಂದವು. ನಲ್ಲಿಗಳ ಸಂಖ್ಯೆ ಪ್ರತಿ ಸಭೆಯಲ್ಲೂ ಓದುತ್ತಾರೆ. ಆ ನಲ್ಲಿಗಳಿಗೆ ನೀರು ಬಿಡುವವರ ಸುರಕ್ಷತೆಗೂ ಅದೇ ಸಭೆಯ ಟಿಪ್ಪಣಿಯಲ್ಲಿ ಒಂದು ಕಲಂ ಇರಲಿ.

ನಾವು ಕೇಳುವುದು ದೊಡ್ಡದೇನಲ್ಲ.

ಒಂದು, ಮೇಲೆ ಹೇಳಿದ ಆದೇಶ. ಕ್ಲೋರಿನ್ ಅನಿಲ ಇರುವ ಪ್ರತಿ ಘಟಕದ ಪಟ್ಟಿ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯ ಬಳಿ ಇರಬೇಕು, ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು.

ಎರಡು, ಸಿಲಿಂಡರ್ ಬದಲಾವಣೆ ಹಗಲಲ್ಲೇ ಆಗಬೇಕು, ಇಬ್ಬರು ಇರಬೇಕು. ತರಬೇತಿ ಪಡೆಯದವನು ಮುಟ್ಟಬಾರದು. ತರಬೇತಿಯ ಪ್ರಮಾಣಪತ್ರ ಏಜೆನ್ಸಿಯ ಹೆಸರಿಗಲ್ಲ, ಕೆಲಸಗಾರನ ಹೆಸರಿಗೆ ಇರಬೇಕು.

ಮೂರು, ಮಾಸ್ಕು ಬೀಗದ ಬೀರಿನಿಂದ ಹೊರಬಂದು ಕ್ಲೋರಿನ್ ಕೋಣೆಯ ಹೊರಗೋಡೆಗೆ ಬರಬೇಕು. ಫ್ಯಾನು ನೆಲಮಟ್ಟಕ್ಕೆ ಇಳಿಯಬೇಕು, ಸ್ವಿಚ್ಚು ಬಾಗಿಲಾಚೆ ಬರಬೇಕು. ಗಾಳಿಚೀಲ ಹಾರಬೇಕು. ಇವು ಸಣ್ಣ ಖರ್ಚಿನ ಕೆಲಸ. ಪೈಪು ಒಡೆದರೆ ತಾನೇ ಅನಿಲ ನಿಲ್ಲಿಸುವ ವ್ಯಾಕ್ಯೂಮ್ ಮಾದರಿಯ ಕ್ಲೋರಿನೇಟರ್ ಮುಂದಿನ ಟೆಂಡರಿನಲ್ಲೇ ಬರಲಿ.

ನಾಲ್ಕು, ಟೆಂಡರಿನ ಅಂದಾಜುಪಟ್ಟಿಯಲ್ಲಿ ಸುರಕ್ಷತೆಗೆ ಬೇರೆಯೇ ಬಾಬ್ತು ಇರಬೇಕು. ಇಲ್ಲದಿದ್ದರೆ ಕಡಿಮೆ ದರ ಹಾಕುವ ಪೈಪೋಟಿಯಲ್ಲಿ ಮೊದಲು ಕಳಚಿಬೀಳುವುದು ಮಾಸ್ಕೇ.

ಐದು, ವರ್ಷಕ್ಕೊಮ್ಮೆ ಈ ಕೆಲಸಗಾರರ ಶ್ವಾಸಕೋಶದ ಪರೀಕ್ಷೆ, ಅದರ ವರದಿ ಅವರ ಕೈಗೆ. ವರ್ಷಕ್ಕೆರಡು ಸಲ ಅಗ್ನಿಶಾಮಕ ದಳ, ತಾಲ್ಲೂಕು ಆಸ್ಪತ್ರೆ, ಸುತ್ತಲ ಮನೆಯವರು ಸೇರಿ ಅಣಕು ಕಾರ್ಯಾಚರಣೆ.

ಇದನ್ನು ಓದುವವರಲ್ಲಿ ನಮ್ಮಂತೆಯೇ ತಾಲ್ಲೂಕು, ಜಿಲ್ಲೆಗಳಲ್ಲಿ ಸುದ್ದಿ ಮಾಡುವ ಗೆಳೆಯರು ಬಹಳ ಇದ್ದೀರಿ. ಸೋರಿಕೆಯಾದ ದಿನ ಎಷ್ಟು ಜನ ಅಸ್ವಸ್ಥರು ಎಂದು ಬರೆಯಲು ಎಲ್ಲರೂ ಬರುತ್ತಾರೆ. ಸೋರಿಕೆಯಾಗದ ದಿನ ನಿಮ್ಮೂರಿನ ಘಟಕಕ್ಕೆ ಒಮ್ಮೆ ಹೋಗಿ ಬನ್ನಿ. ಕೇಳಬೇಕಾದ್ದು ನಾಲ್ಕೇ ಪ್ರಶ್ನೆ: ಮಾಸ್ಕಿನ ಅವಧಿ ಯಾವಾಗ ಮುಗಿಯುತ್ತದೆ, ಫ್ಯಾನಿನ ಸ್ವಿಚ್ಚು ಎಲ್ಲಿದೆ, ಕಡೆಯ ಸಲ ಸಿಲಿಂಡರ್ ಬದಲಾಯಿಸಿದಾಗ ಎಷ್ಟು ಜನ ಇದ್ದಿರಿ, ನಿಮಗೆ ಇದನ್ನು ಕಲಿಸಿದವರು ಯಾರು? ಆಪರೇಟರನ ಹೆಸರು ಬರೆಯಬೇಡಿ, ಅವನ ಕೆಲಸಕ್ಕೆ ಕುತ್ತು ಬಂದೀತು. ಉತ್ತರಗಳನ್ನು ಮಾತ್ರ ಮುಖ್ಯಾಧಿಕಾರಿಗಳ ಮುಂದಿಟ್ಟು ಅವರು ಏನೆನ್ನುತ್ತಾರೆ ಎಂದು ಬರೆಯಿರಿ. ಹತ್ತು ತಾಲ್ಲೂಕುಗಳಿಂದ ಇಂಥ ವರದಿ ಬಂದರೆ ಬೆಂಗಳೂರಿನಲ್ಲಿ ಕುಳಿತವರು ಆ ಒಂದು ಪುಟದ ಆದೇಶ ಬರೆಯದೆ ಇರುವುದು ಕಷ್ಟವಾಗುತ್ತದೆ.